ಕೊಡಲು ಏನೂ ಇಲ್ಲದವಳಿಗೆ ಬಂದ ಸಮನ್ಸು

ತೊಂಬತ್ತರ ದಶಕದ ಮಾತು. ನಿಮ್ಮ ತಾತ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕೋರ್ಟಿನ ಅಮೀನರು ಅಶೋಕಪುರಂನ ನಮ್ಮ ಮನೆಗೆ ಬಂದು ನನ್ನ ಕೈಗೆ ಒಂದು ಸಮನ್ಸು ಕೊಟ್ಟರು. ಯಾರೋ ಒಬ್ಬ ಹೆಣ್ಣುಮಗಳನ್ನು ಗಂಡ ಮನೆಯಿಂದ ಹೊರಗೆ ಹಾಕಿ, ನಮಗೆ ಮದುವೆಯೇ ಆಗಿಲ್ಲ ಎಂದು ವಾದಿಸುತ್ತಿದ್ದನಂತೆ. ಮದುವೆಯ ಆಲ್ಬಮ್ಮನ್ನು ಅವನ ಮನೆಯವರು ಸುಟ್ಟುಹಾಕಿದ್ದರು. ಫೋಟೊ ತೆಗೆದವರು ನಿಮ್ಮ ತಾತ. ಆದ್ದರಿಂದ ನೆಗೆಟಿವ್‌ಗಳನ್ನು ನಾನು ಕೋರ್ಟಿಗೆ ಒಪ್ಪಿಸಬೇಕಾಗಿತ್ತು.

ನೆಗೆಟಿವ್ ಎಲ್ಲಿಂದ ತರಲಿ? ಮಂಡಿ ಮೊಹಲ್ಲಾದ ಅವರ ಸ್ಟುಡಿಯೋ ಒಂದು ಗೂಡು. ಜಾಗ ಸಾಲದೆ, ಹಳೆಯ ಕಪ್ಪುಬಿಳುಪು ಫಿಲ್ಮುಗಳನ್ನು ಬೆಳ್ಳಿ ತೆಗೆಯುವವನಿಗೆ ಹಾಕಿಬಿಡುತ್ತಿದ್ದರು. ಅವನು ಅವನ್ನು ಔಷಧಿಯಲ್ಲಿ ತೊಳೆದು ಬೆಳ್ಳಿ ಇಳಿಸಿಕೊಳ್ಳುತ್ತಿದ್ದ. ಕೊನೆಯ ಮೂಟೆಯ ಬಾಯಿ ಹೊಲಿದವಳು ನಾನೇ. ಏನೂ ಉಳಿದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು.

ಆದರೆ ನಮ್ಮೂರಿನಲ್ಲಿ ಬಾಗಿಲಿಗೆ ಬಂದವರ ಮುಖಕ್ಕೆ ಇಲ್ಲ ಎನ್ನುವ ರೂಢಿಯಿಲ್ಲ. ಅಕ್ಕಿ ಮುಗಿದರೂ ಆ ಮಾತು ಆಡಿದರೆ ಮನೆ ಬರಿದಾಗುತ್ತದೆಂದು ನಮ್ಮವ್ವ ಗದರುತ್ತಿದ್ದಳು. ಅಮೀನರು "ನೆಗೆಟಿವ್ ಅವೇನಮ್ಮ?" ಎಂದಾಗ ನಾನು ಬಾಗಿಲ ಮರೆಯಿಂದಲೇ "ನೋಡ್ತೀನಿ ಸ್ವಾಮಿ" ಎಂದುಬಿಟ್ಟೆ.

ಮೈದುನ ಬಂದು, "ಕೊಡಕ್ಕೇನೂ ಇಲ್ಲ ಅಂದ್ಮೇಲೆ ಯಾಕೆ ಹೋಗ್ತೀರ ಅತ್ತಿಗೆ? ಸುಮ್ನಿದ್ಬುಡಿ" ಎಂದ.

ಪಕ್ಕದ ಮನೆಯಾಕೆ ಬಿಡಲಿಲ್ಲ. "ಹೋಗ್ದಿದ್ರೆ ವಾರಂಟು ಬತ್ತದೆ ಕಣಮ್ಮ. ಹೋಗಿ ಬರೀ ಕೈ ತೋರ್ಸಿದ್ರೆ ಮುಚ್ಚಿಟ್ಟವ್ಳೆ ಅಂತಾರೆ. ಎಂಗೂ ಸರ್ಕಾರಿ ಮುದ್ದೆ ಬಿಡು ನಿಂಗೆ!"

ಅವಳು ನಕ್ಕಳು. ನನಗೆ ಅನ್ನ ಸೇರದಾಯಿತು. ನಿಮ್ಮಮ್ಮ ಆಗ ಹೈಸ್ಕೂಲಿನಲ್ಲಿದ್ದಳು. ನನ್ನನ್ನು ಜೈಲಿಗೆ ಹಾಕಿದರೆ ಅವಳಿಗೆ ಯಾರು ದಿಕ್ಕು? ಇಲ್ಲವೆಂದು ಗೊತ್ತಿದ್ದೂ ಹುಡುಕಿದೆ. ಅಟ್ಟ, ಹಿಟ್ಟಿನ ಡಬ್ಬ, ದೇವರ ಪಟಗಳ ಹಿಂದೆ. ಮಂಡಿ ಮೊಹಲ್ಲಾಕ್ಕೂ ಹೋದೆ. ಸ್ಟುಡಿಯೋ ಇದ್ದ ಮಳಿಗೆಯಲ್ಲಿ ಬಕೆಟ್ ಮಾರುತ್ತಿದ್ದರು.

ಕೋರ್ಟಿನ ದಿನ ಬರಿಗೈಯಲ್ಲಿ ಹೋಗಲು ಮನಸ್ಸು ಬಾರದೆ ನಿಮ್ಮ ತಾತನ ಕ್ಯಾಮೆರಾವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅದನ್ನು ಮೇಜಿನ ಮೇಲಿಟ್ಟಾಗ ಹಿಂದೆ ಕುಳಿತವರು ನಕ್ಕರು. ಆ ಹೆಣ್ಣುಮಗಳ ವಕೀಲರು ಎದ್ದುನಿಂತರು.

"ನಾವು ಕೇಳಿದ್ದು ನೆಗೆಟಿವ್. ಅಮೀನರ ಹತ್ರ ನೋಡ್ತೀನಿ ಅಂದಿದ್ರಲ್ಲ. ಇದ್ರೆ ತಾನೇ ನೋಡೋದು? ಯಾರಿಗೆ ಹೆದರ್ಕೊಂಡು ಮುಚ್ಚಿಡ್ತಿದ್ದೀರಿ?"

ಜಡ್ಜರು ಅವರನ್ನು ಕೂರಿಸಿ, "ಹೆದರ್ಬೇಡಿ ಅಮ್ಮ. ಇದೆಯೋ ಇಲ್ವೋ, ಅಷ್ಟು ಹೇಳಿ" ಎಂದರು.

ನನ್ನ ತುಟಿ ಅಲುಗಿತಷ್ಟೆ. ಅವರು ಜೋರಾಗಿ ಹೇಳಿ ಎಂದರು.

"ಇಲ್ಲ ಸ್ವಾಮಿ. ಮನೇಲಿಲ್ಲ, ಅಂಗಡೀಲಿಲ್ಲ, ಎಲ್ಲೂ ಇಲ್ಲ. ಬದುಕಿದ್ದಾಗ್ಲೇ ಬೆಳ್ಳಿಯೋನಿಗೆ ಹಾಕ್ಬುಟ್ರು. ಮೂಟೆ ಕಟ್ಟಿದ್ದೇ ನಾನು."

ಅದನ್ನೇ ಟೈಪು ಮಾಡಿಸಿ, ನನಗೆ ಓದಿ ಹೇಳಿಸಿ, ಸಹಿ ಹಾಕಿಸಿಕೊಂಡರು. "ಇಲ್ದೇ ಇರೋದನ್ನ ತನ್ನಿ ಅಂತ ಕೋರ್ಟೂ ಹೇಳಕ್ಕಾಗಲ್ಲ. ಹೋಗಿ ಬನ್ನಿ" ಎಂದರು. ಅಷ್ಟೆ. ನನ್ನನ್ನು ಯಾರೂ ಹಿಡಿಯಲಿಲ್ಲ.

ಹೊರಗೆ ಆ ಹೆಣ್ಣುಮಗಳು ಅಡ್ಡ ನಿಂತಳು. ನನಗಿಂತ ಹದಿನೈದು ವರ್ಷ ಚಿಕ್ಕವಳಿದ್ದಾಳು. "ಅವ್ರ ಕಡೆಯೋರು ಬಂದಿದ್ರಾ ನಿಮ್ಮನೆಗೆ? ನಿಜ ಹೇಳಿ."

"ಯಾರೂ ಬಂದಿಲ್ಲ ಕಣಮ್ಮ."

ಜಡ್ಜರು ನಂಬಿದ್ದರು, ಇವಳು ನಂಬಲಿಲ್ಲ. ಬಸ್ ಸ್ಟಾಪಿನವರೆಗೂ ಹಿಂದೆಯೇ ಬಂದಳು. "ಎಲ್ಲಾ ಬೇಡ ಕಣ್ರೀ. ಅವ್ನು ತಾಳಿ ಕಟ್ತಿರೋದು ಒಂದೇ ಒಂದು ಸಾಕು. ಇನ್ನೊಂದ್ಸಲ ನೋಡಿ. ನಿಮ್ಗೂ ಹೆಣ್ಮಗು ಐತಂತಲ್ಲ."

ಬಸ್ಸು ಬಂತು. ಹತ್ತಿ ಕುಳಿತೆ. ಅವಳು ಹೊರಗಿನಿಂದ ಕಿಟಕಿಯ ಸರಳು ಹಿಡಿದುಕೊಂಡಳು. ಕಂಡಕ್ಟರು ಬೈದರೂ ಬಿಡಲಿಲ್ಲ. ಬಸ್ಸು ಹೊರಟಾಗ ಒಂದಷ್ಟು ದೂರ ಜೊತೆಯಲ್ಲೇ ಓಡಿ, ಆಮೇಲೆ ಕೈಬಿಟ್ಟಳು.