ಧುಪದಾಳದಲ್ಲಿ ಬಿಟ್ಟು ಬಂದ ಚಿಂಗಿ

ಸುಮನ್, ನಿನ್ನ ಬೆಕ್ಕು ಓಡಿಹೋಗಲಿಲ್ಲ. ನಾನೇ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಧುಪದಾಳದಲ್ಲಿ ಬಿಟ್ಟು ಬಂದೆ. ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತು ಉಂಡಿದ್ದೇನೆ, ನಿನ್ನ ಮಗನ ತೊಟ್ಟಿಲು ತೂಗಿದ್ದೇನೆ — ಈ ಒಂದು ಮಾತು ಮಾತ್ರ ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಯ ಆ ಬೇಸಿಗೆ ನಿನಗೆ ನೆನಪಿದೆಯಲ್ಲ? ನಿನ್ನ ಮೊದಲ ಬಸಿರು ನಿಲ್ಲದೆ, ನೀನು ಮೂಡಲಗಿಯ ಗಂಡನ ಮನೆಯಿಂದ ಹುಕ್ಕೇರಿಗೆ, ತವರಿಗೆ ಬಂದಿದ್ದೆ. ಯಾರ ಜೊತೆಗೂ ಮಾತಿಲ್ಲ. ನಾನು ನಿನ್ನ ಅಣ್ಣನ ಹೆಂಡತಿ, ನಿನ್ನ ವೈನಿ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಆ ಮನೆಯಲ್ಲಿ ನನಗೂ ಗೆಳತಿ ಅಂತ ಯಾರೂ ಇರಲಿಲ್ಲ. ಊಟಕ್ಕೆ ಕರೆದರೆ ನೀನು ಬರುತ್ತಿದ್ದೆ, ಹೆರಳು ಹಾಕುತ್ತೇನೆಂದರೆ ತಲೆ ಕೊಡುತ್ತಿದ್ದೆ. ಮಾತು — ಇಲ್ಲ. ಆಮೇಲೆ ಎಲ್ಲಿಂದಲೋ ಆ ಬೂದು ಬೆಕ್ಕು ಬಂತು. ನೀನು ಅದಕ್ಕೆ ಚಿಂಗಿ ಅಂತ ಹೆಸರಿಟ್ಟೆ. ಹಿತ್ತಲ ಕಟ್ಟೆಯ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಸಣ್ಣ ದನಿಯಲ್ಲಿ ಏನೇನೋ ಹೇಳುತ್ತಿದ್ದೆ. ಒಳಗೆ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಆ ದನಿ ನನಗೂ ಬೇಕಿತ್ತು.

ಅಷ್ಟರಲ್ಲಿ ಮನೆಯಲ್ಲಿ ಚಿಗಟ ಆದವು. ನನ್ನ ಮಗಳು ಆಗ ಅಂಬೆಗಾಲಿಡುತ್ತಿದ್ದಳು. ಅವಳ ಕಾಲ ತುಂಬ ಕೆಂಪು ಗಂಧೆ. ಅತ್ತೆ ಬೇವಿನ ಸೊಪ್ಪಿನ ಹೊಗೆ ಹಾಕಿದರು, ನಿನ್ನಣ್ಣ ಯಾವುದೋ ಪುಡಿ ತಂದರು. ಏನೂ ಪ್ರಯೋಜನವಾಗಲಿಲ್ಲ. ಎಲ್ಲರ ಕಣ್ಣೂ ಬೆಕ್ಕಿನ ಮೇಲೆ ಬಿತ್ತು. ನೀನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಘಟಪ್ರಭಾದಲ್ಲಿ ನನ್ನ ಅಕ್ಕನ ಮನೆಗೆ ಹೋಗಿಬರುತ್ತೇನೆ ಅಂತ ಹೇಳಿ ಬಸ್ಸು ಹತ್ತಿದೆ. ಚೀಲದೊಳಗೆ ಅದು ಒಮ್ಮೆಯೂ ಕೂಗಲಿಲ್ಲ. ಘಟಪ್ರಭಾದ ಸಮೀಪವೇ ಇರುವ ಧುಪದಾಳದಲ್ಲಿ, ನದಿಯ ಒಡ್ಡಿನ ಹತ್ತಿರ, ಮೀನು ಮಾರುವವರು ಕೂರುವ ಕಡೆ ಚೀಲ ಬಿಚ್ಚಿದೆ. ಇಲ್ಲಿ ಹೊಟ್ಟೆಗೆ ಸಿಗುತ್ತದೆ, ಬದುಕಿಕೊಳ್ಳುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸ್ವಲ್ಪ ದೂರ ನನ್ನ ಹಿಂದೆಯೇ ಬಂತು.

ಸಂಜೆ ನೀನು ಕೇಳಿದೆ: "ಚಿಂಗಿನ್ನ ನೋಡೀರೇನ್ರಿ ವೈನಿ?"

"ಇಲ್ಲವ್ವಾ. ಎಲ್ಲೆರ ಓಡಿ ಹೋಗಿರಬೇಕ," ಅಂದೆ.

ಬೆಕ್ಕು ಹೋದರೂ ಚಿಗಟ ಹೋಗಲಿಲ್ಲ, ನಮ್ಮನ್ನೇ ಇನ್ನಷ್ಟು ಕಚ್ಚತೊಡಗಿದವು. ಆಗ — ಹೊಸ್ತಿಲು ದಾಟದಿದ್ದ ನೀನು — ಒಬ್ಬಳೇ ದನದ ದವಾಖಾನೆಗೆ ಹೋಗಿ ಕೇಳಿಕೊಂಡು ಬಂದೆ. ಬೆಕ್ಕಿನ ಮೈಮೇಲೆ ಇರುವುದು ಸ್ವಲ್ಪವೇ, ಮೊಟ್ಟೆ ಮರಿಯೆಲ್ಲ ಹಾಸಿಗೆಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ ಅಂತ ಡಾಕ್ಟರು ಹೇಳಿದ್ದರಂತೆ. ಬೆಕ್ಕನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಹಾಸಿಗೆ ಕುದಿಸಿ, ಸಂದಿಗೊಂದಿ ಗುಡಿಸುತ್ತಲೇ ಇದ್ದರೆ ಸಾಕಿತ್ತಂತೆ. ಅದನ್ನು ಬಿಟ್ಟು ಬರುವ ಅಗತ್ಯವೇ ಇರಲಿಲ್ಲ.

ಮನೆಯ ಹಾಸುವ ಹೊದೆಯುವ ಕೌದಿಗಳನ್ನೆಲ್ಲ ಹಂಡೆಯಲ್ಲಿ ಕುದಿಸಿದೆವು. ನೀನೊಂದು ತುದಿ, ನಾನೊಂದು ತುದಿ ಹಿಡಿದು ಹಿಂಡಿ, ಮಾಳಿಗೆಯ ಬಿಸಿಲಿಗೆ ಹರವಿದೆವು. ನೆಲದ ಪರಶಿ ಕಲ್ಲಿನ ಸಂದಿಗಳನ್ನು ಕಡ್ಡಿಯಿಂದ ಕೆದರಿ ಗುಡಿಸಿ, ಕಸ ಸುಟ್ಟೆವು. ವಾರಗಟ್ಟಲೆ ಇದೇ ಕೆಲಸ. ಆ ಕೆಲಸದಲ್ಲೇ ನೀನು ನನ್ನ ಜೊತೆ ಮಾತಾಡತೊಡಗಿದೆ — ಉಳಿಯದ ಕೂಸಿನ ಬಗ್ಗೆ, ಅದನ್ನು ಕಳೆದುಕೊಂಡ ದವಾಖಾನೆಯ ಆ ದಿನದ ಬಗ್ಗೆ. ನಾನು ಹಂಬಲಿಸಿದ್ದ ದನಿ ಅದೇ. ಕೇಳುತ್ತ ಕೇಳುತ್ತ ನಾನು ಗುಡಿಸಿದ್ದ ಸಂದಿಯನ್ನೇ ಮತ್ತೆ ಗುಡಿಸುತ್ತಿದ್ದೆ.

ಇಷ್ಟೊಂದು ಯಾಕೆ ದುಡಿಯುತ್ತೀ ಅಂತ ಒಂದು ದಿನ ಕೇಳಿದೆ.

"ಅದು ಬರೂದ್ರಾಗ ಮನಿ ಸ್ವಚ್ಛ ಇರಬೇಕ್ರಿ ವೈನಿ. ಇಲ್ಲಾಂದ್ರ ಮತ್ತ ಅದನ್ನ ಬೈತಾರ."

ಮರುದಿನವೇ ಧುಪದಾಳಕ್ಕೆ ಹೋದೆ. ಒಡ್ಡಿನ ಉದ್ದಕ್ಕೂ ಚಿಂಗೀ, ಚಿಂಗೀ ಅಂತ ಕೂಗಿದೆ. ಯಾವ ಯಾವ ಬೆಕ್ಕೋ ತಿರುಗಿ ನೋಡಿದವು. ಅದು ಮಾತ್ರ ಇರಲಿಲ್ಲ.

ಮಗಳ ಮೈಮೇಲಿನ ಗಂಧೆ ಖರೆ. ಆದರೆ ಕಾರಣ ಅದಷ್ಟೇ ಆಗಿದ್ದರೆ ನಿನಗೆ ಹೇಳಿಯೇ ಒಯ್ಯುತ್ತಿದ್ದೆ. ಬೆಕ್ಕು ಇಲ್ಲದಿದ್ದರೆ ನೀನು ನನ್ನ ಕಡೆ ತಿರುಗುತ್ತೀ ಅಂತ... ಹೌದು, ಹಾಗೇ ಅಂದುಕೊಂಡಿದ್ದೆ.

ಬರುವ ರವಿವಾರ ಮೂಡಲಗಿಗೆ ಬರುತ್ತೇನೆ. ಈಗ ಮನಸ್ಸಿನಲ್ಲೇ ಹೇಳಿಕೊಂಡ ಇದನ್ನೆಲ್ಲ ನಿನ್ನೆದುರು ಬಾಯಿಂದಲೇ ಹೇಳುತ್ತೇನೆ. ಕೇಳಿದ ಮೇಲೆ ನೀನು ನನ್ನನ್ನು ವೈನಿ ಅಂತ ಕರೆಯದಿದ್ದರೆ, ಅದು ನನಗೆ ಸಲ್ಲಬೇಕಾದದ್ದೇ.