ಪಂಕ್ತಿಯ ಕೊನೆಯ ತುತ್ತು

ಕರಜಗಿಯ ಶಾಂತಲಿಂಗಪ್ಪ ನನ್ನ ಹೊಲದ ನೆರೆಯವನು. ಹೊಟ್ಟೆಯಲ್ಲಿ ಗಂಟಾಗಿ, ಸೋಲಾಪುರದಲ್ಲಿ ಆಪರೇಷನ್ ಮಾಡಿ ಅವನ ಜಠರದ ಮುಕ್ಕಾಲು ಪಾಲು ತೆಗೆದರು. ನಾವು ಉಂಡದ್ದು ಜಠರದಲ್ಲಿ ಎರಡು ಮೂರು ತಾಸು ನಿಂತು, ನುರಿದು, ಅಂಬಲಿಯಂತಾಗಿ, ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ಅವನಲ್ಲಿ ಅದು ನಿಲ್ಲಲು ಜಾಗವಿಲ್ಲ. ಗಬಗಬ ತಿಂದರೆ, ಅದರಲ್ಲೂ ಸಿಹಿ ತಿಂದರೆ, ಎಲ್ಲ ಒಮ್ಮೆಲೇ ಕರುಳಿಗೆ ಬಿದ್ದು ಮೈ ಬೆವರಿ ಕಣ್ಣು ಕತ್ತಲಾಗುತ್ತದೆ. ಅದಕ್ಕೇ ಅವನು ಜಠರದ ಕೆಲಸ ಬಾಯಲ್ಲೇ ಮಾಡುತ್ತಾನೆ. ತುತ್ತು ನೀರಾಗುವ ತನಕ ಅಗಿಯುತ್ತಾನೆ.

ಜಗಳ ಬಂದದ್ದು ಪಂಕ್ತಿಯಲ್ಲಿ. ನಮ್ಮಲ್ಲಿ ಪಂಕ್ತಿಯ ಊಟವೆಂದರೆ ಪ್ರಸಾದ, ತಾಟಿನಲ್ಲಿ ಬಿಡುವಂತಿಲ್ಲ. ಕೊನೆಯವನು ಮುಗಿಸದೆ ಯಾರೂ ಏಳುವಂತಿಲ್ಲ.

ಹೋದ ತಿಂಗಳು ಅತನೂರಿನಲ್ಲಿ ಶಾಂತಲಿಂಗಪ್ಪನ ಬೀಗರಾದ ಅಮರನಾಥರ ಹೊಸ ಮನೆಯ ಊಟ. ಶಾಂತಲಿಂಗಪ್ಪನ ಹೆಂಡತಿಯ ತಮ್ಮ ಕಲ್ಲಿನಾಥ ಬಾಗಿಲಲ್ಲೇ ಅವನನ್ನು ತಡೆದ.

“ಮಾವಾ, ನೀವು ಅಡಗಿಮನ್ಯಾಗ ಅಕ್ಕನ ಕೂಡ ಉಣ್ರಿ. ಎಮ್ಮಿ ಮೆಲುಕು ಹಾಕ್ದಂಗ ಮಾಡ್ತೀರಿ. ಜನಾ ನಮಗ ಬೈತಾರ.”

“ಕರದಾರ, ಬಂದೇನಿ. ಪಂಗ್ತ್ಯಾಗೇ ಕುಂದರ್ತೇನಿ.”

“ಇವತ್ತ ತಡಾ ಮಾಡಿದ್ರ ಇನ್ನ ಯಾರೂ ನಿಮ್ಮನ್ನ ಪಂಗ್ತಿಗೆ ಕರ್ಯಂಗಿಲ್ಲ, ನೋಡ್ರಿ.”

ಕಲ್ಲಿನಾಥ ಅವನ ಪಕ್ಕದಲ್ಲೇ ಕುಳಿತ. ನಾನು ಎದುರಿಗೆ. ಶಾಂತಲಿಂಗಪ್ಪ ಹಿಡಿ ಅನ್ನವನ್ನಷ್ಟೇ ಹಾಕಿಸಿಕೊಂಡ. ಎಲ್ಲರ ಜೊತೆಗೇ ಮುಗಿಸುವುದರಲ್ಲಿದ್ದ. ಕಲ್ಲಿನಾಥನಿಗೆ ತಾನಂದದ್ದೇ ನಿಜ ಮಾಡಿ ಮಾವನ ಮರ್ಯಾದೆ ಕಳೆಯಬೇಕಿತ್ತು. ಬಡಿಸುವವನ ಬುಟ್ಟಿಯಿಂದ ಎರಡು ಹೋಳಿಗೆ ತೆಗೆದು ಅವನ ತಾಟಿಗೆ ಒಗೆದ.

“ಪ್ರಸಾದ ಐತಿ. ಬಿಡಬ್ಯಾಡ್ರಿ ಮತ್ತ.”

ಕೆಲವರು ನಕ್ಕರು. ಶಾಂತಲಿಂಗಪ್ಪ ಉಗುರಿನಷ್ಟು ಮುರಿದು ಬಾಯಿಗಿಟ್ಟ. ಅಗಿದ. ಕೈ ತೊಡೆಯ ಮೇಲಿಟ್ಟು, ಅದು ಇಳಿಯಲೆಂದು ಕಾದ. ಮತ್ತೆ ಉಗುರಿನಷ್ಟು.

ಎಲ್ಲರ ಎಂಜಲು ಕೈ ಒಣಗಿತು. ಹೊರಗೆ ಎರಡನೇ ಪಂಕ್ತಿಯವರು ಕೂಗಿದರು. “ಏನ್ರಲೇ, ಒಳಗ ಮಕ್ಕೊಂಡೀರೇನು?”

ಕಲ್ಲಿನಾಥ ಒಂದರ ಮೇಲೊಂದು ಹೋಳಿಗೆ ನುಂಗಿ, ಮೇಲೆ ತಂಬಿಗೆ ತುಂಬ ಕಟ್ಟಿನ ಸಾರು ಕುಡಿದಿದ್ದ. ಈಗ ಹೊಟ್ಟೆ ಗುಡುಗತೊಡಗಿತು. ಬಯಲಕಡೆಗೆ ಹೋಗಲೇಬೇಕಿತ್ತು.

“ಮಾವಾ, ಲಗೂನ ಮುಗಸ್ರಿ.”

“ಪ್ರಸಾದ ಐತಿ.”

“ನಾ ಏಳ್ತೇನಿ.”

ಅಮರನಾಥರು ಗದರಿದರು. “ಹಾಕಿದಾಂವ ನೀನ. ಕುಂದ್ರಲೇ.”

ಕಲ್ಲಿನಾಥನ ಮುಖ ಬೆವೆತಿತ್ತು. ಮಾವನ ತಾಟಿನ ಎಂಜಲು ಹೋಳಿಗೆಯನ್ನೆಲ್ಲ ಬಾಚಿ ತನ್ನ ಬಾಯಿಗೆ ತುರುಕಿಕೊಂಡ. ಶಾಂತಲಿಂಗಪ್ಪ ಪ್ರಸಾದದ ಪದ್ಧತಿಯಂತೆ ಬರಿದಾದ ತಾಟಿಗೆ ಗುಟುಕು ನೀರು ಹಾಕಿ, ತೊಳೆದು, ಅದನ್ನೂ ನಿಧಾನವಾಗಿ ಕುಡಿದ. ಪಂಕ್ತಿ ಎದ್ದಿತು. ಕಲ್ಲಿನಾಥ ತುಂಬಿದ ಬಾಯಲ್ಲೇ ಓಡಿದ.

“ಅಗದು ನುಂಗೋ,” ಶಾಂತಲಿಂಗಪ್ಪ ಹಿಂದಿನಿಂದ ಅಂದ. “ಹೊಟ್ಟ್ಯಾಗ ಹಲ್ಲಿರಂಗಿಲ್ಲ.”

ಈಗ ಇಬ್ಬರ ನಡುವೆ ಮಾತಿಲ್ಲ. ಮೊನ್ನೆ ಚೌಡಾಪುರದ ಮದುವೆಗೆ ಇಬ್ಬರಿಗೂ ಕರೆ ಬಂದಿತ್ತು. ಶಾಂತಲಿಂಗಪ್ಪ ಮೊದಲ ಪಂಕ್ತಿಯಲ್ಲಿ ಕುಳಿತ. ಕಲ್ಲಿನಾಥ ಅದನ್ನು ನೋಡಿ ಎರಡನೆಯದಕ್ಕೆಂದು ಹೊರಗೇ ನಿಂತ.