ಗೀಜಗಕ್ಕೆ ಪೈಪೋಟಿ ಹಚ್ಚಿದ್ದು

ತಪ್ಪು ಗೀಜಗದ್ದಲ್ಲ, ನನ್ನದೇ. ಸವಡಿಯ ನಮ್ಮ ಮನೆಯ ಹಿತ್ತಲಲ್ಲಿ, ಬಾವಿಯ ಮೇಲೆ ಬಾಗಿದ ಜಾಲಿಗಿಡದಲ್ಲಿ ಒಂದೇ ಒಂದು ಗಂಡು ತನ್ನ ಪಾಡಿಗೆ ತಾನು ಗೂಡು ಹೆಣೆಯುತ್ತಿತ್ತು. ಅದರ ತಲೆ ಕೆಡಿಸಿದವನು ನಾನು.

ಸುತ್ತ ಬೇರೆ ಗಂಡುಗಳ ಕೂಗು ಕೇಳಿದರೆ ಗಂಡು ಹಕ್ಕಿಯ ಮೈಯಲ್ಲಿ ಹಾರ್ಮೋನು ಏರುತ್ತದೆ ಎಂದು ರೋಣದ ಕಾಲೇಜಿನಲ್ಲಿ ಸರ್ ಹೇಳಿದ್ದರು. ಪಾಠದಲ್ಲಿ ನನ್ನ ತಲೆಗೆ ಹೋದದ್ದು ಇದೊಂದೇ. ಉಳಿದ ಹೊತ್ತೆಲ್ಲ ಸರ್ ಕೆಮ್ಮುವ ರೀತಿಯನ್ನು ಅಭ್ಯಾಸ ಮಾಡುತ್ತಿದ್ದೆ. ಎಮ್ಮೆಯಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆಯುವ ನನಗೆ ಗೀಜಗ ಯಾವ ಲೆಕ್ಕ? ಬಾವಿಕಟ್ಟೆಯ ಹಿಂದೆ ಅವಿತು ಕುಳಿತು ಒಬ್ಬನೇ ಒಂದು ಹಿಂಡಾದೆ. ಹಕ್ಕಿ ರೆಕ್ಕೆ ಬಡಿಯಿತು, ಎದೆ ಸೆಟೆಸಿತು, ಇಲ್ಲದ ವೈರಿಯನ್ನು ಅಟ್ಟಿಸಿಕೊಂಡು ಹೋಯಿತು. ಅರ್ಧ ಗೂಡು ಬಿಟ್ಟು ಪಕ್ಕದ ಟೊಂಗೆಯಲ್ಲಿ ಇನ್ನೊಂದು ಶುರು ಮಾಡಿತು. ಮತ್ತೆ ಕೂಗಿದೆ. ಮತ್ತೊಂದು ಶುರುವಾಯಿತು.

ಅದೇ ಹೊತ್ತಿಗೆ ಗಜೇಂದ್ರಗಡದಿಂದ ಕನ್ಯೆಯ ಕಡೆಯವರು ನಮ್ಮ ಮನೆ ನೋಡಲು ಬರುವುದು ಗೊತ್ತಾಗಿತ್ತು. ಫೋಟೋ ನೋಡಿದಾಗಿನಿಂದ ನನಗೆ ಆ ಹುಡುಗಿಯೇ ಆಗಬೇಕು. ಸೋದರಮಾವ ಚಹಾ ಕುಡಿಯುತ್ತ ಅಂದ: "ಅವ್ರು ನರಗುಂದದಾಗೂ ಒಂದು ಮನಿ ನೋಡ್ಯಾರಪಾ. ಆ ಹುಡುಗ ಟೈಲ್ಸ್ ಹಾಕಿಸ್ಯಾನಂತ."

ಮರುದಿನವೇ ಪಡಸಾಲೆಯ ಕಲ್ಲು ಕೀಳಿಸಿದೆ. "ಮ್ಯಾಲ ಒಂದು ಖೋಲಿನೂ ಕಟ್ಟಸ್ತಾನಂತ" ಎಂದು ಮಾವ ಫೋನು ಮಾಡಿದ. ಟೈಲ್ಸು ಅಲ್ಲಿಗೇ ಬಿಟ್ಟು ಅಂಗಳದಲ್ಲಿ ಕಂಬಕ್ಕೆ ಗುಂಡಿ ತೋಡಿಸಿದೆ. "ಜಿಮ್‌ಗೂ ಹೊಕ್ಕಾನಂತ" ಅಂದದ್ದಕ್ಕೆ ಸಿಮೆಂಟ್ ಚೀಲ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ.

"ಹಾಳಾದವನ, ಬಂದ ಮಂದೀನ ಎಲ್ಲಿ ಕುಂದರಸ್ಲೋ?" ಎಂದು ಅವ್ವ ಹಣೆ ಬಡಿದುಕೊಂಡಳು.

ಕೊನೆಗೆ ಬಾವಿಕಟ್ಟೆಯ ಮೇಲೆ ಕಂಬಳಿ ಹಾಸಿದೆವು. "ಅಲ್ಲಿ ಇರಾಕಿ ನಾ, ನೋಡಾಕೂ ನಾನ ಬರತೀನಿ" ಎಂದು ಹಟ ಹಿಡಿದು ಹುಡುಗಿಯೇ ಅಪ್ಪನ ಜೊತೆ ಬಂದಿದ್ದಳು. ಅವ್ವ ಅವಲಕ್ಕಿ ಕೊಡುತ್ತ ಒದರಿಬಿಟ್ಟಳು: "ತಪ್ಪು ತಿಳೀಬ್ಯಾಡ್ರಿ. ನರಗುಂದದ ಹುಡುಗನ ಸುದ್ದಿ ಕೇಳಿ ಹಿಂಗ ಮನಿ ಅಗದು ಇಟ್ಟಾನ್ರಿ."

ಸರಿಯಾಗಿ ಆಗಲೇ ಹೆಣ್ಣು ಗೀಜಗವೊಂದು ಬಂದು ಅರ್ಧ ಗೂಡಿನ ಮೇಲೆ ಕೂತಿತು. ನನಗೆ ಜೀವ ಬಂತು.

"ನೋಡ್ರಿ, ಗೂಡು ಅರ್ಧಾ ಇದ್ರೂ ಹೆಣ್ಣು ಒಪ್ಪತೈತ್ರಿ!"

ಗಂಡು ಮಾತ್ರ ಅದರತ್ತ ತಿರುಗಿಯೂ ನೋಡದೆ ಕಟ್ಟೆಯ ಹಿಂದೆ ವೈರಿಯನ್ನು ಹುಡುಕುತ್ತಿತ್ತು. ಹೆಣ್ಣು ಸ್ವಲ್ಪ ಹೊತ್ತು ಕಾದು ಹಾರಿಹೋಯಿತು.

ಹುಡುಗಿ ಅವಲಕ್ಕಿಯ ತಾಟು ಕೆಳಗಿಟ್ಟಳು.

"ನೀವು ಇಷ್ಟೆಲ್ಲಾ ಮಾಡಿದ್ದು ನನಗಲ್ಲರಿ, ನರಗುಂದದಾವಗ. ಅವನ್ನ ಲಗ್ನಾ ಆಗ್ರಿ."